ಯಾರ ಕರ್ಮ ಎಂದು ಕೇಳಬೇಡಿ, ಯಾರ ಸರದಿ ಎಂದು ಕೇಳಿ



*ಇಂದಿನ ಧಮ್ಮ ಚಿಂತನೆ*



ಇಂದಿನ ವಿಷಯ ಕರ್ಮ. ಪುಸ್ತಕದಲ್ಲಿ ಓದುವ ಕರ್ಮಕ್ಕಿಂತ ಹೆಚ್ಚಾಗಿ, ನಮ್ಮ ಮನೆ ಬಾಗಿಲಿಗೆ ಬಂದು ನಿಲ್ಲುವ ಕರ್ಮದ ಬಗ್ಗೆ ಬರೆಯುತ್ತಿದ್ದೇನೆ.

ನಮ್ಮ ಮಗಳಿಗೆ ಈಗ ಆರು ವರ್ಷ. ಅವಳಿಗೆ ಸೆರೆಬ್ರಲ್ ಪಾಲ್ಸಿ ಇದೆ. ಕೈಕಾಲು ಬಿಗಿ, ಆಧಾರವಿಲ್ಲದೆ ಕೂಡಲಾರಳು, ಮಾತು ಬಂದಿಲ್ಲ. ಸಂಜೆ ಗಾಲಿಕುರ್ಚಿಯಲ್ಲಿ ಕೂಡಿಸಿಕೊಂಡು ಮಾಳಮಡ್ಡಿಯ ರಸ್ತೆಗೆ ಹೊರಟರೆ ಯಾರಾದರೊಬ್ಬರು ನಿಂತು, ಅವಳ ಗಲ್ಲ ಮುಟ್ಟಿ, "ಪಾಪ, ಹಿಂದಿನ ಜನ್ಮದಾಗ ಏನ್ ಮಾಡಿತ್ತೋ ಏನೋ ಕೂಸು" ಅನ್ನುತ್ತಾರೆ. ಅವರ ಮನಸ್ಸು ಕೆಟ್ಟದ್ದಲ್ಲ. ಆದರೆ ಇದೇ ಮಾತು ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ ಇರುವ ಮನೆಗಳಲ್ಲೂ ಕೇಳಿಬರುತ್ತದೆ. ಅದಕ್ಕೇ ಇಂದು ಈ ಪಾಠ.

ಈ ಮಾತು ನಮಗೆ ಹೊಸದಲ್ಲ. ನಮ್ಮ ಅಜ್ಜ, ಮುತ್ತಜ್ಜರಿಗೂ ಇದನ್ನೇ ಹೇಳಿದ್ದರು. ಕೇರಿಯಲ್ಲಿ ಹುಟ್ಟಿದ್ದು, ಬಾವಿಯ ನೀರು ಮುಟ್ಟಬಾರದೆಂಬುದು, ಎಲ್ಲವೂ ಪೂರ್ವಜನ್ಮದ ಫಲವೆಂದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರೊಂದಿಗೆ ಲಕ್ಷಾಂತರ ಜನ ಆ ಮಾತನ್ನು ಹಿಂದೆ ಬಿಟ್ಟು ಬಂದರು. 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಅವರು ಈ ಪೂರ್ವಕರ್ಮದ ವಾದವನ್ನು ನೇರವಾಗಿಯೇ ಪ್ರಶ್ನಿಸಿದ್ದಾರೆ. ಬಡವರ, ದೀನರ ಸ್ಥಿತಿಗೆ ಸಮಾಜ ಮತ್ತು ಸರ್ಕಾರ ತಾವು ಹೊಣೆಯಲ್ಲ ಎಂದು ನುಣುಚಿಕೊಳ್ಳಲು ಮಾತ್ರ ಈ ವಾದ ಉಪಯೋಗಕ್ಕೆ ಬರುತ್ತದೆ ಎಂಬುದು ಅವರ ವಾದದ ತಿರುಳು.

ಜಾತಿಯ ವಿಷಯದಲ್ಲಿ ನಾವು ಒಪ್ಪದ ಮಾತನ್ನು ಒಂದು ಮಗುವಿನ ಮೇಲೆ ಹೇರುವುದು ಯಾವ ನ್ಯಾಯ?

ಇನ್ನು ಭಗವಾನ್ ಬುದ್ಧರ ಕಡೆಗೆ ಬರೋಣ. ಸಂಯುತ್ತ ನಿಕಾಯದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಬಂದು, ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲವೇ ಎಂದು ಕೇಳುತ್ತಾನೆ. ಬುದ್ಧರು ಎಂಟು ಕಾರಣಗಳನ್ನು ಎಣಿಸುತ್ತಾರೆ. ಪಿತ್ತ, ಕಫ, ವಾತ, ಇವು ಮೂರೂ ಕೂಡಿದ್ದು, ಋತುಮಾನದ ಬದಲಾವಣೆ, ದೇಹದ ಆರೈಕೆಯಲ್ಲಿ ಏರುಪೇರು, ಹೊರಗಿನ ಪೆಟ್ಟು, ಕೊನೆಗೆ ಕರ್ಮಫಲ. ಎಲ್ಲವೂ ಹಿಂದಿನದರಿಂದಲೇ ಎನ್ನುವವರು ತಮಗೆ ಗೊತ್ತಿರುವುದನ್ನೂ ಲೋಕ ಕಂಡದ್ದನ್ನೂ ಮೀರಿ ಮಾತಾಡುತ್ತಾರೆ ಎಂದು ತಳ್ಳಿಹಾಕುತ್ತಾರೆ. ಅಂದರೆ ಕಾಯಿಲೆಗೆ ಕಾರಣವನ್ನು ದೇಹದಲ್ಲಿ ಹುಡುಕು ಎಂಬ ದಾರಿಯನ್ನು ಅಂದೇ ತೋರಿಸಿದ್ದರು.

ಇಂದಿನ ವೈದ್ಯರೂ ಅಲ್ಲಿಯೇ ಹುಡುಕುತ್ತಾರೆ. ಸೆರೆಬ್ರಲ್ ಪಾಲ್ಸಿ ಎಂದರೆ ಬೆಳೆಯುತ್ತಿರುವ ಮಿದುಳಿಗೆ ಆದ ಪೆಟ್ಟು. ಗರ್ಭದಲ್ಲಿ ಸೋಂಕು, ಅವಧಿಗೆ ಮುಂಚೆ ಹೆರಿಗೆ, ಹುಟ್ಟುವಾಗ ಆಮ್ಲಜನಕದ ಕೊರತೆ, ಹುಟ್ಟಿದ ಮೇಲೆ ವಿಪರೀತ ಕಾಮಾಲೆ, ಇವು ಕಾರಣಗಳಲ್ಲಿ ಕೆಲವು. ಮಿದುಳಿನ ಆ ಗಾಯ ಮುಂದೆ ಹೆಚ್ಚುವುದಿಲ್ಲ. ಆದರೆ ಆರೈಕೆ ಇಲ್ಲದಿದ್ದರೆ ಸ್ನಾಯು, ಕೀಲುಗಳು ಇನ್ನಷ್ಟು ಬಿಗಿಯುತ್ತವೆ. ಹಾಗಾಗಿ ಹಿಂದೆ ಏನಾಯಿತು ಎಂಬುದಕ್ಕಿಂತ ಇಂದು ಬೆಳಿಗ್ಗೆ ಏನು ಮಾಡುತ್ತೇವೆ ಎಂಬುದು ದೊಡ್ಡದು.

ವಿನಯ ಪಿಟಕದ ಮಹಾವಗ್ಗದ ಒಂದು ಪ್ರಸಂಗ ನಿಮಗೆ ಗೊತ್ತು. ಹೊಟ್ಟೆಬೇನೆಯ ಭಿಕ್ಖು ಒಬ್ಬ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಇವನನ್ನು ಯಾರೂ ಏಕೆ ನೋಡುತ್ತಿಲ್ಲ ಎಂದರೆ, ಇವನಿಂದ ಬೇರೆ ಭಿಕ್ಖುಗಳಿಗೆ ಏನೂ ಉಪಯೋಗವಿಲ್ಲ ಎಂಬ ಉತ್ತರ ಬಂತು. ಬುದ್ಧರು ನೀರು ಹಾಕಿದರು, ಆನಂದ ಮೈ ತೊಳೆದ. ಬುದ್ಧರು ತಲೆಯ ಕಡೆ ಹಿಡಿದರು, ಆನಂದ ಕಾಲಿನ ಕಡೆ. ಇಬ್ಬರೂ ಸೇರಿ ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಕಾಯಿಲೆಯವನನ್ನು ಗುರು ನೋಡಬೇಕು, ಶಿಷ್ಯ ನೋಡಬೇಕು, ಯಾರೂ ಇಲ್ಲವಾದರೆ ಸಂಘವೇ ನೋಡಬೇಕು, ನೋಡದಿದ್ದರೆ ಅದು ದೋಷ ಎಂದು ನಿಯಮ ಮಾಡಿದರು.

ಅಲ್ಲಿಯೇ ಆರೈಕೆ ಮಾಡುವವರಿಗೆ ಐದು ಗುಣಗಳನ್ನು ಹೇಳಿದ್ದಾರೆ. ನಮ್ಮ ಮನೆಯ ದಿನಚರಿಗೆ ಅವನ್ನು ಹೊಂದಿಸಿ ಬರೆಯುತ್ತೇನೆ.

*1. ಔಷಧ ಸಿದ್ಧಮಾಡಲು ಬರಬೇಕು.* ನಮಗೆ ಔಷಧವೆಂದರೆ ಮುಂಜಾನೆಯ ವ್ಯಾಯಾಮ. ಫಿಸಿಯೋಥೆರಪಿಯವರು ಕಲಿಸಿದಂತೆ ಹಿಮ್ಮಡಿ, ಮೊಣಕಾಲು, ಸೊಂಟ ಇವನ್ನು ನಿಧಾನ ಚಾಚಬೇಕು. ಶಾಲೆಗೆ ಹೊತ್ತಾಯಿತೆಂದು ಜೋರು ಮಾಡಿದರೆ ಸ್ನಾಯು ಇನ್ನೂ ಬಿಗಿಯುತ್ತದೆ.

*2. ಹಿತ ಅಹಿತ ತಿಳಿದಿರಬೇಕು.* ಮಲಗಿಸಿ ಉಣಿಸಿದರೆ ಅನ್ನ ಶ್ವಾಸಕೋಶಕ್ಕೆ ಹೋಗಬಹುದು. ನೆಟ್ಟಗೆ ಕೂಡಿಸಿ, ಒಂದು ಚಮಚ ಗಂಜಿ ನುಂಗಿದ ಮೇಲೆಯೇ ಇನ್ನೊಂದು. ಒಂದು ಊಟಕ್ಕೆ ನಲವತ್ತು ನಿಮಿಷ.

*3. ಲಾಭಕ್ಕಾಗಿ ಅಲ್ಲ, ಮೈತ್ರಿಯಿಂದ ಮಾಡಬೇಕು.* "ಮುಂದ ನಡೀತಾಳೇನ್ರಿ?" ಎಂದು ಕೇಳುತ್ತಾರೆ. ನಡೆಯಲಿ, ನಡೆಯದಿರಲಿ, ನಾಳೆಯೂ ಊಟ ಉಣಿಸುವುದಿದೆ.

*4. ಮಲ, ಮೂತ್ರ, ಜೊಲ್ಲು, ವಾಂತಿಗೆ ಅಸಹ್ಯಪಡಬಾರದು.* ಈ ಕೆಲಸ ನಮ್ಮ ಮನೆಗಳಲ್ಲಿ ತಾಯಿಯ ಪಾಲಿಗೇ ಬರುತ್ತದೆ. ನಮ್ಮಲ್ಲಿ ಸ್ನಾನ ಮತ್ತು ಬಟ್ಟೆ ನಮ್ಮ ಯಜಮಾನರದ್ದು, ವ್ಯಾಯಾಮ ನನ್ನದು, ಸಂಜೆಯ ಊಟ ಅತ್ತೆಯವರದ್ದು, ಹಾಲು ಕುಡಿಸುವುದು ಅಣ್ಣನದ್ದು. ನೀರು ಹಾಕಿದವರು ಸ್ವತಃ ಬುದ್ಧರೇ ಆಗಿರುವಾಗ ಯಾವ ಗಂಡಸಿಗೂ ಇದು ಕೀಳಲ್ಲ.

*5. ಮಾತಿನಿಂದ ಉತ್ಸಾಹ ತುಂಬಬೇಕು.* ಎತ್ತುವ ಮೊದಲು "ಈಗ ಎತ್ತತೀನಿ" ಎಂದು ಅವಳಿಗೆ ಹೇಳುತ್ತೇವೆ. ನೀರು, ಆಟ, ಸಾಕು ಎಂಬ ಚಿತ್ರಗಳ ಹಲಗೆ ಇದೆ. ಕಣ್ಣು ಎಲ್ಲಿ ನಿಲ್ಲುತ್ತದೋ ಅದು ಅವಳ ಉತ್ತರ. ಅವಳು "ಸಾಕು" ನೋಡಿದರೆ ಚಮಚ ಕೆಳಗಿಡುತ್ತೇವೆ. ಬಾಯಿಲ್ಲದವರ ಪರವಾಗಿ 'ಮೂಕನಾಯಕ' ಎಂಬ ಪತ್ರಿಕೆಯನ್ನು 1920ರಲ್ಲಿ ಹೊರಡಿಸಿದವರ ಅನುಯಾಯಿಗಳು ನಾವು. ಮಾತು ಬಾರದ ಮಗುವಿಗೂ ಅಭಿಪ್ರಾಯ ಇದೆ ಎಂಬುದನ್ನು ನಮಗೆ ಬೇರೆಯವರು ಹೇಳಬೇಕಾಗಿಲ್ಲ.

ಇಷ್ಟು ಮನೆಯ ಮಾತು. ಮನೆಯವರೂ ದಣಿಯುತ್ತಾರೆ. ರಾತ್ರಿ ನಿದ್ದೆಗೆಟ್ಟು ಬೆಳಿಗ್ಗೆ ನಲವತ್ತು ಮಕ್ಕಳ ಮುಂದೆ ಛಂದಸ್ಸು ಕಲಿಸುವುದು ಸುಲಭವಲ್ಲ. ಮನೆಯ ಸರದಿ ಮುಗಿದಲ್ಲಿ ಸಂಘದ ಸರದಿ ಶುರುವಾಗಬೇಕು.

ಕಾನೂನನ್ನೂ ತಿಳಿದಿರಿ. ಅಂಗವಿಕಲರ ಹಕ್ಕುಗಳ ಕಾಯ್ದೆ 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಹಿಂದಿನ 1995ರ ಕಾಯ್ದೆಯಲ್ಲಿ ಏಳು ಇದ್ದ ವಿಧಗಳು ಇದರಲ್ಲಿ 21 ಆದವು. ಶೇ. 40 ಅಥವಾ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಹಕ್ಕು. ಯು.ಡಿ.ಐ.ಡಿ. ಕಾರ್ಡ್ ಮಾಡಿಸಿ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ಆರೋಗ್ಯ ವಿಮೆ ಒಂದು ಲಕ್ಷ ರೂಪಾಯಿವರೆಗೆ ಇದೆ. ಇದು ಯಾರ ಕನಿಕರವೂ ಅಲ್ಲ, ಹಕ್ಕು.

*ಇಂದಿನ ಅಭ್ಯಾಸ*

22 ಪ್ರತಿಜ್ಞೆಗಳಲ್ಲಿ 9, 10 ಮತ್ತು 13ನೆಯವನ್ನು ಇಂದು ಮತ್ತೊಮ್ಮೆ ಓದಿ. ಸಮಾನತೆಯನ್ನು ನಂಬುವುದು, ಅದನ್ನು ಸ್ಥಾಪಿಸಲು ದುಡಿಯುವುದು, ಎಲ್ಲ ಜೀವಿಗಳಲ್ಲಿ ಕರುಣೆ ಇಡುವುದು.

ನಿಮ್ಮ ಓಣಿಯಲ್ಲಿ ಇಂಥ ಮಗು ಇದ್ದರೆ ಇಂದು ಅವರ ಮನೆಗೆ ಹೋಗಿ. ಮಗುವಿನ ಹೆಸರು ಹಿಡಿದು ಮಗುವನ್ನೇ ಮಾತಾಡಿಸಿ. ಕಾರಣ ಕೇಳಬೇಡಿ, ಹರಕೆ ಹೇಳಬೇಡಿ. ತಾಯಿಗೆ, "ಒಂದು ತಾಸು ನಾ ಕೂಡ್ತೀನಿ, ನೀವು ಮಲಕೊಳ್ರಿ" ಎನ್ನಿ. ಅರ್ಜಿ ತುಂಬಲು ಬಂದರೆ ತುಂಬಿಕೊಡಿ.

ಭಾನುವಾರದ ಅಧ್ಯಯನಕ್ಕೆ ಮಕ್ಕಳನ್ನೂ ಕರೆತನ್ನಿ. ಕೂಗುವ ಮಗು, ಓಡುವ ಮಗು, ಮಲಗಿಯೇ ಇರುವ ಮಗು, ಎಲ್ಲರಿಗೂ ಜಮಖಾನೆಯ ಮೇಲೆ ಜಾಗವಿದೆ.

ಸಾಧು, ಸಾಧು, ಸಾಧು.
ಜೈ ಭೀಮ್. ನಮೋ ಬುದ್ಧಾಯ.