ಹಾವಿಗೆ ನಮ್ಮ ಮೇಲೆ ಹಗೆಯಿದೆಯೇ?

 

ಅಂಗುತ್ತರ ನಿಕಾಯದ ಅಹಿರಾಜ ಸುತ್ತ ಒಂದು ಸಾವಿನ ಸುದ್ದಿಯಿಂದ ಶುರುವಾಗುತ್ತದೆ. ಸಾವತ್ಥಿಯಲ್ಲಿ ಒಬ್ಬ ಭಿಕ್ಖು ಹಾವು ಕಚ್ಚಿ ತೀರಿಕೊಂಡಿದ್ದಾರೆ. ಭಗವಾನರು ಹಾವನ್ನು ದೂಷಿಸಲಿಲ್ಲ, ಹುಡುಕಿ ಕೊಲ್ಲಿ ಎನ್ನಲಿಲ್ಲ. ಹಾವುಗಳ ನಾಲ್ಕು ರಾಜಕುಲಗಳನ್ನು ಹೆಸರಿಸಿ, ಅವುಗಳಿಗೆ ಮೈತ್ರಿಯನ್ನು ಹರಡಿ ಎಂದರು. ಆ ಭಿಕ್ಖು ಹಾಗೆ ಮಾಡಿದ್ದರೆ ಸಾಯುತ್ತಿರಲಿಲ್ಲ ಎಂದೂ ಹೇಳಿದರು.

ಈ ಕೊನೆಯ ಮಾತು ನನ್ನನ್ನು ಕಾಡುತ್ತದೆ. ಹಾಗಾದರೆ ಸತ್ತವರಿಗೆಲ್ಲ ಮೈತ್ರಿ ಸಾಲದಾಗಿತ್ತೇ? ಹೊಲದಲ್ಲಿ ಹಾವು ಕಚ್ಚಿ ತಾಯಿಯನ್ನು ಕಳೆದುಕೊಂಡ ಮಗುವಿಗೆ ತರಗತಿಯಲ್ಲಿ ನಾನು ಹಾಗೆ ಹೇಳಲಾರೆ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹೀಗೆ ಸತ್ತರೆಂದು ಅಂದಾಜು. ಹೆಚ್ಚಿನವರು ಹಳ್ಳಿಯವರು.

ಹಾವಿನ ಕಡೆಯಿಂದಲೂ ನೋಡೋಣ. ಅದು ನಮ್ಮನ್ನು ನುಂಗಲಾರದು. ವಿಷ ಇಲಿ, ಕಪ್ಪೆಗಾಗಿ. ನಾಗರಹಾವು ಹೆಡೆ ಎತ್ತುವುದು, ಮಂಡಲ ಬುಸುಗುಟ್ಟುವುದು ‘ದೂರ ಇರು’ ಎನ್ನಲಿಕ್ಕೆ. ಕತ್ತಲಲ್ಲಿ ತುಳಿದರೆ ಕಚ್ಚುತ್ತದೆ. ವರ್ಷಗಟ್ಟಲೆ ಹಗೆ ಸಾಧಿಸುತ್ತದೆ ಎಂಬುದು ನಾವು ಕಟ್ಟಿದ ಕತೆ. ಆದರೆ ಕಟ್ಟುಹಾವು ಸದ್ದಿಲ್ಲದೆ ಬಂದು ನೆಲದ ಮೇಲೆ ಮಲಗಿದವರನ್ನು ಕಚ್ಚುವುದುಂಟು. ಹಗೆ ಇಲ್ಲವೆಂದ ಮಾತ್ರಕ್ಕೆ ಅಪಾಯ ಇಲ್ಲವೆಂದಲ್ಲ.

ಇದು ಭಗವಾನರಿಗೂ ಗೊತ್ತಿತ್ತು. ವಿನಯದ ಮಹಾವಗ್ಗದಲ್ಲಿ, ಹಾವು ಕಚ್ಚಿದ ಭಿಕ್ಖುವಿಗೆ ಸಗಣಿ, ಮೂತ್ರ, ಬೂದಿ, ಮಣ್ಣನ್ನು ಔಷಧವಾಗಿ ಕೊಡಲು ಅನುಮತಿಸಿದ್ದಾರೆ. (ಅದು ಆ ಕಾಲದ ವೈದ್ಯ; ಈಗ ಯಾರೂ ಪ್ರಯೋಗಿಸಬೇಡಿ!) ಬರೀ ಸುತ್ತ ಪಠಿಸುತ್ತಾ ಕೂರಿ ಎಂದಿಲ್ಲ.

ಇಂದು ಸಂಜೆ ಈ ಸುತ್ತವನ್ನು ಪಠಿಸೋಣ. ಬರುವಾಗ ಟಾರ್ಚ್ ತನ್ನಿ, ಚಪ್ಪಲಿ ಮೆಟ್ಟಿ ಬನ್ನಿ. ನೆಲದ ಮೇಲೆ ಮಲಗುವವರು ಸೊಳ್ಳೆಪರದೆ ಕಟ್ಟಿ, ಅಂಚನ್ನು ಚಾಪೆಯಡಿ ಸಿಕ್ಕಿಸಿ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಪ್ರತಿವಿಷ ಸಿಗುವ ಆಸ್ಪತ್ರೆಗೆ ನೇರವಾಗಿ ಹೋಗಿ.