ಕಾಲಲ್ಲಿ ನೀರು, ಲೋಟದಲ್ಲಿ ಬಿಂಬುಳಿ ರಸ

ಪ್ರಶ್ನೆ: ವಯಸ್ಸು 46. ಇಡೀ ದಿನ ಕೂತು ಬೀಡಿ ಕಟ್ಟುತ್ತೇನೆ. ಸಂಜೆ ಎರಡೂ ಪಾದ ಊದುತ್ತದೆ, ಬೆಳಗ್ಗೆ ಇಳಿದಿರುತ್ತದೆ. ನೀರು ಕುಡಿಯುವುದು ಕಡಿಮೆ ಮಾಡು ಎನ್ನುತ್ತಾರೆ ಅತ್ತಿಗೆ.
– ಓದುಗರು, ಬಂಟ್ವಾಳ

ಉತ್ತರ: ಅತ್ತಿಗೆಯ ಮಾತು ಬಿಡಿ, ಬಾಯಾರಿದಷ್ಟು ಕುಡಿಯಿರಿ. ನೀರಿಗೆ ಲೆಕ್ಕ ಇಡಬೇಕಾದವರು ಹೃದಯ, ಕಿಡ್ನಿ ಕೆಟ್ಟವರು. ಅದೂ ಅವರ ವೈದ್ಯರು ಹೇಳಿದರೆ. ಮೈಯಲ್ಲಿ ನೀರು ಹಿಡಿದಿಡುವುದು ಉಪ್ಪು. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಗಂಜಿಗೆ ಉಪ್ಪಿನಕಾಯಿ, ಒಣಮೀನಿನ ಚಟ್ನಿ ಸೇರಿದರೆ ಆ ಚಮಚ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಇಂದುಪ್ಪೂ ಉಪ್ಪೇ. ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ನಡೆಯಿರಿ. ಆದರೂ ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಥೈರಾಯ್ಡ್ ಒಮ್ಮೆ ನೋಡಿಸಿಬಿಡಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: 61 ವರ್ಷದ ಕೃಷಿಕ. ಬಿಪಿಗೆ ಅಮ್ಲೋಡಿಪಿನ್ ಶುರುಮಾಡಿದ ಮೇಲೆ ಪಾದ ಊದಿತು. ಮಾತ್ರೆ ಬಿಟ್ಟು ಮನೆಯದೇ ಬಿಂಬುಳಿ ರಸ ದಿನಾ ಒಂದು ಲೋಟ ಕುಡಿಯುತ್ತಿದ್ದೇನೆ. ಮಂಡಿನೋವಿಗೆ ಮೆಡಿಕಲ್‌ನಿಂದ ಮಾತ್ರೆ ತರುತ್ತೇನೆ. ನೀರಿಳಿಯಲು ಲ್ಯಾಸಿಕ್ಸ್ ತೆಗೆದುಕೊಳ್ಳಬಹುದೇ?
– ಓದುಗರು, ಬೆಳ್ತಂಗಡಿ

ಉತ್ತರ: ಮೊದಲು ಆ ಲೋಟ ಕೆಳಗಿಡಿ ಮಾರಾಯ್ರೆ! ಕೊಬ್ಬು ಕರಗುತ್ತದೆ, ಬಿಪಿ ಇಳಿಯುತ್ತದೆ ಎಂದು ಯಾರು ಹಬ್ಬಿಸಿದರೋ, ನಮ್ಮೂರಲ್ಲೂ ಬಿಂಬುಳಿ ಮರವಿದ್ದ ಮನೆಯವರೆಲ್ಲ ವೈದ್ಯರಾಗಿದ್ದಾರೆ. ಬಿಂಬುಳಿಯಲ್ಲಿ ಆಕ್ಸಲೇಟ್ ವಿಪರೀತ. ರಸವಾಗಿ ಕುಡಿದಾಗ ಅದು ಹರಳುಗಟ್ಟಿ ಕಿಡ್ನಿಯ ಸಣ್ಣ ನಾಳಗಳಲ್ಲಿ ಕೂರುತ್ತದೆ. ಹೀಗೆ ಕಿಡ್ನಿ ಕೈಕೊಟ್ಟ 10 ಮಂದಿಯ ವಿವರವನ್ನು ಕೇರಳದ ವೈದ್ಯರು 2013ರಲ್ಲಿ ಪ್ರಕಟಿಸಿದ್ದಾರೆ. 7 ಮಂದಿಗೆ ಡಯಾಲಿಸಿಸ್ ಬೇಕಾಯಿತು. ಮೀನು ಸಾರಿಗೆ ಎರಡು ಬಿಂಬುಳಿ ಹಾಕಿದವರನ್ನು ನಾನು ಬೈಯುವುದಿಲ್ಲ. ನಿಮ್ಮದು ದಿನಾ ಲೋಟ, ಅದರ ಮೇಲೆ ನೋವಿನ ಮಾತ್ರೆ. ಡೈಕ್ಲೋಫೆನಾಕ್‌ನಂಥವು ತಾವೇ ಉಪ್ಪು, ನೀರು ಹಿಡಿದಿಟ್ಟು ಬಿಪಿ ಏರಿಸುತ್ತವೆ, ಕಿಡ್ನಿಗೂ ಪೆಟ್ಟು ಕೊಡುತ್ತವೆ.

ಅಮ್ಲೋಡಿಪಿನ್‌ನಿಂದ ಪಾದ ಊದುವುದು ನಿಜ. ಹಾಗಂತ ಬಿಪಿ ಮಾತ್ರೆಯನ್ನೇ ಬಿಡುವುದೇ? ಡೋಸ್ ಇಳಿಸಬಹುದು, ಬೇರೆ ಮಾತ್ರೆ ಕೊಡಬಹುದು. ಬರೆದುಕೊಟ್ಟ ವೈದ್ಯರನ್ನೇ ಕೇಳಿ. ಈ ಊತಕ್ಕೆ ಲ್ಯಾಸಿಕ್ಸ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸ್ವಂತ ಇಚ್ಛೆಯಿಂದ ನುಂಗಿದರೆ ಪೊಟ್ಯಾಸಿಯಂ ಕಳೆದುಕೊಂಡು ತೋಟದಲ್ಲೇ ಕುಸಿದೀರಿ. ಈ ವಾರವೇ ಬಿಪಿ, ಕ್ರಿಯಾಟಿನಿನ್, ಪೊಟ್ಯಾಸಿಯಂ, ಮೂತ್ರ, ಇಸಿಜಿ. ಗುಡ್ಡ ಹತ್ತುವಾಗ ಏದುಸಿರು ಬರುತ್ತಿದ್ದರೆ ಎಕೋ ಕೂಡ. ಮೂತ್ರ ಕಡಿಮೆಯಾಗಿದ್ದರೆ ವಾರ ಕಾಯಬೇಡಿ.

ಪ್ರಶ್ನೆ: ತಂಗಿಗೆ ಏಳು ತಿಂಗಳು. ಮುಖ, ಕೈಬೆರಳು ಊದಿದೆ, ತಲೆನೋವೂ ಇದೆ. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎನ್ನುತ್ತಾರೆ ಮನೆಯ ಹಿರಿಯರು.
– ಓದುಗರು, ಮೂಡುಬಿದಿರೆ

ಉತ್ತರ: ಪತ್ರ ಕೈಸೇರಿದ ದಿನವೇ ನಿಮಗೆ ಫೋನ್ ಮಾಡಿಸಿದ್ದೇನೆ; ಇಲ್ಲಿ ಅಚ್ಚುಹಾಕಿಸುವುದು ಉಳಿದವರಿಗಾಗಿ. ಸಂಜೆ ಪಾದ ಊದುವುದು ಇದ್ದದ್ದೇ, ಒಪ್ಪಿದೆ. ಮುಖ ಊದಿ ತಲೆ ನೋಯುವುದು ಹಾಗಲ್ಲ. ಅದೇ ದಿನ ಬಿಪಿ ನೋಡಿಸಿ, ಮೂತ್ರದಲ್ಲಿ ಪ್ರೋಟೀನ್ ಇದೆಯೇ ಪರೀಕ್ಷಿಸಿ. ಬಿಪಿ 140/90 ಮುಟ್ಟಿದ್ದರೆ ಮನೆಮದ್ದಿಗೆ ಜಾಗವಿಲ್ಲ. ಕಣ್ಣು ಮಂಜಾದರೆ, ಹೊಟ್ಟೆಯ ಮೇಲ್ಭಾಗ ನೋಯತೊಡಗಿದರೆ ರಾತ್ರಿಯೆಂದು ನೋಡದೆ 108ಕ್ಕೆ ಕರೆಮಾಡಿ.