ಮೊದಲು ಡಮ್ಮಿ, ಆಮೇಲೆ ಬಣ್ಣ
ಮಕ್ಕಳ ಚಿತ್ರಪುಸ್ತಕಕ್ಕೆ ಕೈಹಾಕಿದರೆ ಕ್ಯಾನ್ವಾಸ್ ಮೇಲಿನ ನಿಮ್ಮ ಅನುಭವ ವ್ಯರ್ಥವಾಗುವುದಿಲ್ಲ. ಆದರೆ ಮೊದಲ ಪುಟಕ್ಕೇ ಪೂರ್ತಿ ಬಣ್ಣ ತುಂಬಿ ಕೂತಿದ್ದೀರಲ್ಲ, ತೊಡಕು ಅಲ್ಲೇ. ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ. ಅಷ್ಟನ್ನೂ ಮೊದಲು ಬೆಂಕಿಪೊಟ್ಟಣದ ಗಾತ್ರದಲ್ಲಿ ಒಂದೇ ಹಾಳೆಯ ಮೇಲೆ ಪೆನ್ಸಿಲ್‌ನಿಂದ ಗೀಚಿಕೊಳ್ಳಿ. ಆಮೇಲೆ ಹಾಳೆಗಳನ್ನು ಮಡಚಿ, ಹೊಲಿದು, ಪುಸ್ತಕದ ಕಚ್ಚಾ ಮಾದರಿ, ಅಂದರೆ ಡಮ್ಮಿ, ಮಾಡಿ ತಿರುವಿ ನೋಡಿ. ನಾಯಕಿಯ ಮುಖ ನಡುವಿನ ಹೊಲಿಗೆಯಲ್ಲಿ ಸಿಕ್ಕಿಕೊಂಡಿರುವುದು ಆಗಲೇ ಕಾಣುವುದು.

ಕಥೆಯಲ್ಲಿ ‘ಅಜ್ಜಿ ನಕ್ಕಳು’ ಎಂದಿದ್ದರೆ ಚಿತ್ರವೂ ಅದನ್ನೇ ಹೇಳಬೇಕಿಲ್ಲ. ಹಿಂದೆ ಬೆಕ್ಕು ಹಾಲಿಗೆ ಬಾಯಿ ಹಾಕುತ್ತಿರಲಿ. ಮಕ್ಕಳ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ (ಸಂಪಾದಕರಿಗೆ ಕಾಣದಿದ್ದರೂ).

ಇನ್ನು ಅಚ್ಚಿನ ಮಾತು: ಅಚ್ಚಾದ ಹಾಳೆ ಕತ್ತರಿಸುವಾಗ ಬಿಳಿ ಗೆರೆ ಉಳಿಯದಂತೆ ಅಂಚಿನಾಚೆಗೂ 3 ಮಿ.ಮೀ. ಬಣ್ಣ ಹರಿಸಿ. ನಿಮ್ಮ ಇಷ್ಟದ ಗಾಢ ನೀಲಿ ಅಚ್ಚಿನಲ್ಲಿ ಮಂಕಾಗಬಹುದು, ಮೊದಲೇ ಪರೀಕ್ಷಾ ಪ್ರತಿ (ಪ್ರೂಫ್) ಕೇಳಿ. ಮೂಲಚಿತ್ರಗಳು ನಿಮಗೇ ಮರಳಬೇಕೆಂದು ಪ್ರಕಾಶಕರ ಜೊತೆಗಿನ ಒಪ್ಪಂದದಲ್ಲಿ ಈಗಲೇ ಬರೆಸಿಕೊಳ್ಳಿ.